ತಂಗಿಯ ಮನೆಯ ವೈಫೈ

ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಯಿತು. ಆಗಷ್ಟೇ ಮೂಡುತ್ತಿದ್ದ ನಾಲ್ಕು ಮಾತುಗಳೂ ಅದರ ಜೊತೆಗೇ ನಿಂತುಹೋದವು. ಈಗ ಅವಳಿಗೆ ನಲವತ್ತಾರು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ ಗಂಡ ಮತ್ತು ಅತ್ತೆಯ ಜೊತೆ ಇರುತ್ತಾಳೆ, ಮನೆಯ ಮೇಲಿನ ಕೋಣೆಯಲ್ಲಿ ಕೂತು ಬ್ಲೌಸು ಹೊಲಿಯುತ್ತಾಳೆ. ನಾನು ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು, ಇಚಲಕರಂಜಿಯಲ್ಲಿದ್ದೇನೆ. ಉಳಿದವರು ಫೋನಿನಲ್ಲಿ ಹಲೋ ಅನ್ನುತ್ತಾರೆ. ಅವಳಿಗೆ ಓದು ಬರಹ ಬಾರದು, ನಮ್ಮಿಬ್ಬರಿಗೆ ವಿಡಿಯೊ ಕಾಲ್ ಒಂದೇ ಗತಿ. ಚಿತ್ರ ನಿಂತರೆ ಮಾತು ನಿಂತಿತು.

ನಮ್ಮ ಕೈಮಾತು ಯಾವ ಶಾಲೆಯಲ್ಲಿ ಕಲಿತದ್ದೂ ಅಲ್ಲ. ಅವ್ವ ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ, ಅಂದರೆ ಲಾಳಿಯೊಳಗಿನ ಕೊಳವೆಗೆ, ನೂಲು ಸುತ್ತುತ್ತಿದ್ದಳು. ನಾವಿಬ್ಬರೂ ಅವಳ ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂತು ಬೆಳೆದವರು. ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಶೆಡ್ಡಿನೊಳಗೆ ಕಿವಿ ಇದ್ದವರಿಗೂ ಏನೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿ, ಕೈ ನೋಡಿ ಮಾತಾಡುತ್ತಾರೆ. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಹರಿಯಿತು ಎಂದರ್ಥ. ಮುಷ್ಟಿ ಮೇಲೆತ್ತಿ ಬೆರಳು ತೆರೆದರೆ ದೀಪ, ಕರೆಂಟು. ಅವ್ವ ಇವನ್ನೇ ಮನೆಗೂ ತಂದಳು, ತಂಗಿ ಅವಕ್ಕೆ ತನ್ನವು ನೂರಾರು ಸೇರಿಸಿದಳು. ಶೆಡ್ಡಿನೊಳಗೆ ಅವಳು ಯಾರಿಗೂ ಕಡಿಮೆ ಇರಲಿಲ್ಲ. ಹೊರಗೆ ಬಂದ ಮೇಲೆಯೇ ಜನ ಅವಳನ್ನು ಮೂಕಿ ಎನ್ನುತ್ತಿದ್ದರು.

ನಾನು ಈಗಲೂ ಶೆಡ್ಡಿನಲ್ಲೇ ಇದ್ದೇನೆ. ಹಾಸಿನ ನೂಲು ಸುತ್ತಿದ ಹೊಸ ಬೀಮು ಬಂದಾಗ ಅದರ ಸಾವಿರಾರು ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವೆ ಪೋಣಿಸುವುದು ನನ್ನ ಕೆಲಸ. ಒಂದು ಎಳೆ ತಪ್ಪಿದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ, ಎಲ್ಲಿ ತಪ್ಪಿತೆಂದು ಹುಡುಕಿ ಅಲ್ಲಿಯವರೆಗೆ ಬಿಚ್ಚಬೇಕು. ಒಂದೂವರೆಗೆ ಊಟದ ಬಿಡುವು. ಡಬ್ಬಿ ಬಿಚ್ಚಿ, ಫೋನನ್ನು ಗೋಡೆಗೆ ಆನಿಸಿಟ್ಟು ತಂಗಿಗೆ ಕಾಲ್ ಹಚ್ಚುತ್ತೇನೆ. ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಮಾತಾಡುವುದು ನನಗೆ ರೂಢಿ. ಅವ್ವ ಹೋದ ಮೇಲೆ ಈ ಅರ್ಧ ತಾಸನ್ನು ನಾವಿಬ್ಬರೂ ಸುಮ್ಮಸುಮ್ಮನೆ ತಪ್ಪಿಸಿದ್ದಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಮನೆಗೆ ಹೊಸ ಇಂಟರ್ನೆಟ್ಟು ಬಂತು. ಹಳೆಯವರು ಆ ಓಣಿಯ ಲೈನು ಬಂದ್ ಮಾಡಿದ್ದರು. ಮನೆ ತಗ್ಗಿನಲ್ಲಿದೆ, ಮೊಬೈಲಿನ ನೆಟ್ ಅಂಗಳಕ್ಕೆ ಬಂದು ನಿಂತರೆ ಒಂದು ಕಡ್ಡಿ ಸಿಕ್ಕುತ್ತದೆ, ಒಳಗೆ ಅದೂ ಇಲ್ಲ. ಹಾಗಾಗಿ ವೈಫೈ ಇಲ್ಲದೆ ಅವಳಿಗೆ ಆಗುವುದಿಲ್ಲ. ಹೊಸ ಲೈನು ಬಂದ ವಾರದಿಂದಲೇ ತೊಂದರೆ ಶುರುವಾಯಿತು. ಕಾಲ್ ಹಚ್ಚಿದ ಕೂಡಲೇ ಚೆನ್ನಾಗಿ ಕಾಣುತ್ತಿದ್ದಳು. ಐದೋ ಹತ್ತೋ ನಿಮಿಷಕ್ಕೆ ಅವಳ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಒಂದು ದಿನ ಸರಿ ಇದ್ದರೆ ಎರಡು ದಿನ ಹೀಗೆ.

ಒಂದು ಮಧ್ಯಾಹ್ನ ಅವಳು ಎಡಗೈಯನ್ನು ಎದೆಯ ಮೇಲೆ ಅಗಲವಾಗಿ ಇಟ್ಟುಕೊಂಡು, ಮುಖ ಕಿವುಚಿ ಏನೋ ಹೇಳಲು ಹೊರಟಳು. ಚಿತ್ರ ಅಲ್ಲಿಗೇ ನಿಂತಿತು. ಮತ್ತೆ ಮತ್ತೆ ಹಚ್ಚಿದೆ, ಹತ್ತಲಿಲ್ಲ. ಅವಳ ಅತ್ತೆಯ ಫೋನು ರಿಂಗಾಗುತ್ತಿತ್ತು, ಎತ್ತಲಿಲ್ಲ. ಗಂಡ ಟೆಂಪೊ ಓಡಿಸುವವನು, ಆಜರಾ ಕಡೆಗೆ ಮಾಲು ಹೇರಿಕೊಂಡು ಹೋಗಿದ್ದ, ಘಟ್ಟದ ದಾರಿಯಲ್ಲಿ ಅವನ ಫೋನೂ ಹತ್ತುತ್ತಿರಲಿಲ್ಲ. ಆ ದಿನ ನಾನು ಪೋಣಿಸಿದ ಎಳೆಗಳನ್ನು ಮರುದಿನ ಅರ್ಧಕ್ಕರ್ಧ ಬಿಚ್ಚಬೇಕಾಯಿತು. ಅವತ್ತು ಸಂಜೆ ಅವಳ ಗಂಡನೇ ಫೋನು ಮಾಡಿದ. ಅವಳಿಗೆ ಏನೂ ಆಗಿರಲಿಲ್ಲ. ಯಾರದೋ ಬ್ಲೌಸಿನ ಎದೆಯ ಅಳತೆ ತಪ್ಪಿತ್ತಂತೆ, ಅದನ್ನೇ ಹೇಳುತ್ತಿದ್ದಳಂತೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಇದನ್ನು ಸರಿ ಮಾಡದೆ ಬಿಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮೊದಲು ಲೈನು ಕೊಟ್ಟವರಿಗೆ ದೂರು ಹೇಳಿಸಿದೆ. ಅವರ ಮನುಷ್ಯ ಮೂರು ಸಲ ಬಂದುಹೋದ. ಮೂರು ಸಲವೂ ಕೆಳಗಿನ ಬಾಗಿಲ ಹತ್ತಿರ ಗೋಡೆಗೆ ಹಾಕಿದ ರೂಟರ್ ಆರಿಸಿ ಹಚ್ಚಿದ, ತನ್ನ ಫೋನಿನಲ್ಲಿ ನೋಡಿದ, ಎಲ್ಲ ಬರೋಬ್ಬರಿ ಇದೆ ಎಂದ. ಮೂರನೆಯ ಸಲ ಅತ್ತೆಯ ಫೋನಿನಿಂದ ನಾನೇ ಅವನೊಡನೆ ಮಾತಾಡಿದೆ.

“ಮಾವಶಿ, ಲೈನ್ ಏಕದಮ್ ಓಕೆ ಐತಿ,” ಎಂದ. “ನಿಮ್ಮ ತಂಗ್ಯಾರಿಗೆ ಫೋನ್ ವಾಪರಾಕ ಬರೂದಿಲ್ಲ ಕಾಣಸ್ತೈತಿ.”

ಅವಳು ನನಗಿಂತ ಚುರುಕಾಗಿ ಫೋನು ಬಳಸುತ್ತಾಳೆ ಎಂದು ನಾನು ಹೇಳಿದೆ. ಅವನು ಹ್ಞೂಂ ಅಂದು ಇಟ್ಟುಬಿಟ್ಟ.

ತಂಗಿಯನ್ನೇ ಕೇಳಿದೆ. ಮುಂದಿನ ಕಾಲ್‌ನಲ್ಲಿ ಅವಳು ಕೂಡಲೇ ಉತ್ತರ ಕೊಟ್ಟಳು. ಎರಡು ಬೆರಳು ಬಿಡಿಸಿ ಎಳೆ ಹರಿಯುತ್ತದೆ ಎಂದಳು. ಮುಷ್ಟಿ ಎತ್ತಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದಳು. ಆಮೇಲೆ ಬೆರಳಿನಿಂದ ಹೊಲಿಗೆ ಮೆಷಿನ್ನಿನ ಚಕ್ರ ತಿರುಗಿಸಿದಳು, ಮೇಲಕ್ಕೆ ಕೈ ಮಾಡಿದಳು. ಕರೆಂಟು ಹೋಗಿ ಬಂದು ಮಾಡುತ್ತದೆ, ಮೆಷಿನ್ನು ನಿಲ್ಲುತ್ತದೆ, ಆಗ ನೆಟ್ಟೂ ಹೋಗುತ್ತದೆ ಎಂದು ನಾನು ತಿಳಿದುಕೊಂಡೆ. ತಿಳಿಯಿತು ಎಂದು ತಲೆಯಾಡಿಸಿದೆ. ಕರೆಂಟು ಹೋದರೂ ರೂಟರನ್ನು ನಡೆಸುವ ಸಣ್ಣ ಬ್ಯಾಟರಿಯೊಂದನ್ನು ತಂದು, ಅವಳ ಗಂಡನ ಕೈಯಲ್ಲಿ ಕಳಿಸಿದೆ. ಅವನು ಅದನ್ನು ಕೆಳಗಿನ ರೂಟರಿಗೆ ಜೋಡಿಸಿದ. ತೊಂದರೆ ಇದ್ದಂತೆಯೇ ಇತ್ತು. ತಂಗಿ ಮತ್ತೆ ಅದೇ ಮುಷ್ಟಿ, ಅದೇ ಚಕ್ರ. ಬ್ಯಾಟರಿ ಹಾಕಿಯಾಗಿದೆಯಲ್ಲ, ಇನ್ನೇನು ಎಂದು ನನಗೆ ಬೇಸರ ಬಂತು. ಆದರೂ ತಲೆಯಾಡಿಸಿದೆ.

ರೂಟರೇ ಕೆಟ್ಟಿರಬೇಕು, ಹೊಸದೇ ತಂದುಬಿಡೋಣ ಎಂದು ರಜೆಯ ದಿನ ಕೊಲ್ಹಾಪುರಕ್ಕೆ ಹೋದೆ. ಕಂಪ್ಯೂಟರ್ ದುರಸ್ತಿ ಮಾಡುವ ಒಂದು ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಎಪ್ಪತ್ತರ ಹತ್ತಿರದ ಒಬ್ಬ ಜೈನ ಹಿರಿಯರು ಕೂತಿದ್ದರು. ನನ್ನ ಮರಾಠಿಯ ರಾಗ ಕೇಳಿಯೇ ಅವರು ಕನ್ನಡಕ್ಕೆ ಹೊರಳಿದರು. ಅವರ ಹೊಲ ಕರ್ನಾಟಕದ ಗಡಿಗೆ ಹತ್ತಿಕೊಂಡೇ ಇತ್ತಂತೆ. ನಾನು ಇದ್ದದ್ದನ್ನೆಲ್ಲ ಹೇಳಿದೆ. ತಂಗಿಗೆ ಕಿವಿ ಕೇಳಿಸುವುದಿಲ್ಲ ಎಂದಾಗ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಹೊಸಾದು ಕೊಡಾಕ ನನಗೇನ ಅಡ್ಡಿ ಇಲ್ರಿ,” ಎಂದರು. “ಖರೆ ಏನ್ ಕೆಟ್ಟೈತಿ ಅನ್ನೂದ ಗೊತ್ತಿಲ್ದ ಒಯ್ದ್ರ, ಅದೂ ಹಂಗ ಮಾಡ್ತೈತಿ. ಒಂದೀಟ ತಡೀರಿ. ಇದನ್ನ ನೋಡ್ರಿ ಮೊದಲ.”

ನನ್ನ ಫೋನಿನಲ್ಲಿ ವೈಫೈಯ ಹೆಸರನ್ನು ಒತ್ತಿ, ಅದರ ಒಳಗಿನ ವಿವರದ ಪುಟ ತೆಗೆದು ತೋರಿಸಿದರು. ಅಲ್ಲಿ ಚುಕ್ಕೆಗಳ ನಡುವೆ ನಾಲ್ಕು ಅಂಕಿಗಳಿದ್ದವು. ಮನೆಯಲ್ಲಿರುವ ಪ್ರತಿ ಫೋನಿಗೂ ರೂಟರ್ ಒಂದು ನಂಬರು ಕೊಡುತ್ತದೆ, ಆ ನಂಬರಿಲ್ಲದೆ ಫೋನಿಗೆ ಹೊರಗಿನ ದಾರಿ ತಿಳಿಯುವುದಿಲ್ಲ ಎಂದು ವಿವರಿಸಿದರು. ನೆಟ್ ಸರಿ ಇದ್ದಾಗ ಈ ನಾಲ್ಕು ಅಂಕಿ ಬರೆದುಕೊಳ್ಳಿ, ಹೋದಾಗ ಏನನ್ನೂ ಆರಿಸದೆ ಮತ್ತೆ ಬರೆದುಕೊಳ್ಳಿ, ಎರಡನ್ನೂ ನನಗೆ ಹೇಳಿ ಎಂದರು. ತಮ್ಮ ನಂಬರು ಬರೆದುಕೊಟ್ಟರು. ನಾನು ಬರಿಗೈಯಲ್ಲಿ ಹೊರಗೆ ಬಂದೆ. ಆದರೆ ಏನು ನೋಡಬೇಕು ಎನ್ನುವುದು ಆ ಎರಡು ತಿಂಗಳಲ್ಲಿ ಮೊದಲ ಸಲ ನನಗೆ ಗೊತ್ತಾಗಿತ್ತು.

ಇದನ್ನು ತಂಗಿಗೆ ಕಾಲ್‌ನಲ್ಲಿ ಹೇಳಿಕೊಡುವುದು ಆಗದ ಮಾತು. ಹೇಳುವಷ್ಟರಲ್ಲೇ ಚಿತ್ರ ನಿಲ್ಲುತ್ತಿತ್ತು. ಶೆಡ್ಡಿನಲ್ಲಿ ಮೂರು ದಿನ ರಜೆ ಹೇಳಿ ಹೊರಟೆ. ಕಾಗಲ್‌ಗೆ ಬಂದು, ಅಲ್ಲಿಂದ ಮುರಗೂಡ ಮೇಲೆ ಹೋಗುವ ಬಸ್ಸು ಹಿಡಿದೆ. ಚೀಲದಲ್ಲಿ ಒಂದು ಸೀರೆ, ನೂರು ಹಾಳೆಯ ಒಂದು ನೋಟುಬುಕ್ಕು ಇದ್ದವು.

ಮೊದಲ ದಿನ ಏನೂ ಕೆಡಲಿಲ್ಲ. ತಾಸಿಗೊಮ್ಮೆ ನೋಡಿದೆ, ಬರೆದುಕೊಂಡೆ. ಮೇಲೆ, ಕೆಳಗೆ, ಮೆಟ್ಟಿಲಿನ ಮೇಲೆ, ಅಡುಗೆಮನೆಯಲ್ಲಿ. ಮೇಲಿನ ಕೋಣೆಯಲ್ಲಿ ಸ್ವಲ್ಪ ಕಡಿಮೆ ಕಡ್ಡಿ ಇದ್ದವು, ಆದರೂ ನಡೆಯುತ್ತಿತ್ತು. ಮೂರನೆಯ ಜಾಗದ ಅಂಕಿ ಎಲ್ಲ ಕಡೆಯೂ ಒಂದು. ಅತ್ತೆ ಕೂತಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಮುದುಕಿ ಒರಟಾಗಿ ಕಂಡರೂ ಸೊಸೆಯ ಕೈಮಾತನ್ನು ಅಷ್ಟಿಷ್ಟು ಕಲಿತವರು.

“ನೀ ಬಂದಿ ಅಂತ ಅಂಜಿ ಸುಮ್ನಾಗೈತಿ ಅದು,” ಎಂದರು. “ಆ ಲೈನಿನವ ಬಂದಾಗೂ ಹಿಂಗ ಮಾಡ್ತಿತ್ತು.”

ರಾತ್ರಿ ಮಲಗುವ ಮುಂಚೆ ಅದೇ ಮಾತು ತಲೆಯಲ್ಲಿ ಕೂತಿತು. ಯಾರಾದರೂ ಬಂದಾಗ ಕೆಡುವುದಿಲ್ಲ. ಯಾರಾದರೂ ಬಂದರೆ ಈ ಮನೆಯಲ್ಲಿ ಏನು ಬದಲಾಗುತ್ತದೆ? ನಾನು ಬಂದೆನೆಂದು ತಂಗಿ ಆ ದಿನ ಹೊಲಿಗೆಗೆ ಕೂತಿರಲಿಲ್ಲ. ನನಗೆ ಹೋಳಿಗೆ ಮಾಡಿದ್ದಳು, ಇಡೀ ದಿನ ಕೆಳಗೇ ಇದ್ದಳು. ಲೈನಿನವನು ಬಂದಾಗಲೂ ಕೆಲಸ ಬಿಟ್ಟು ಕೆಳಗೆ ಇಳಿದಿರುತ್ತಾಳೆ.

ಬೆಳಿಗ್ಗೆ ಅವಳಿಗೆ ಹೇಳಿದೆ: ನಾನು ಬಂದಿಲ್ಲ ಎಂದುಕೋ. ದಿನಾ ಏನು ಮಾಡುತ್ತೀಯೋ ಅದನ್ನೇ ಮಾಡು, ಅದೇ ಹೊತ್ತಿಗೆ ಮಾಡು. ಅವಳು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ ಮೆಟ್ಟಿಲು ಹತ್ತಿದಳು. ನಾನು ಹಿಂದೆಯೇ ಹೋಗಿ ಮೂಲೆಯಲ್ಲಿ ಕೂತೆ. ಫೋನು ಕೈಯಲ್ಲಿ, ನೋಟುಬುಕ್ಕು ತೊಡೆಯ ಮೇಲೆ. ಅವಳು ನೆಲದ ಮೇಲಿದ್ದ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು ಹಾಕಿದಳು. ಮೆಷಿನ್ನಿನ ದೀಪ ಹೊತ್ತಿತು. ಅವಳು ಹೊಲಿಯತೊಡಗಿದಳು.

ಎರಡು ನಿಮಿಷ ಆಗಿರಬೇಕು. ನನ್ನ ಫೋನಿನಲ್ಲಿ ಕಡ್ಡಿಗಳು ಒಮ್ಮೆಲೇ ತುಂಬಿದವು. ವೈಫೈ ಇದೆ, ಇಂಟರ್ನೆಟ್ ಇಲ್ಲ ಎಂದು ತೋರಿಸಿತು. ವಿವರದ ಪುಟ ತೆಗೆದೆ. ಮೂರನೆಯ ಜಾಗದಲ್ಲಿ ಒಂದರ ಬದಲು ಸೊನ್ನೆ ಇತ್ತು. ಅಂಕಿಯನ್ನು ಬರೆದುಕೊಂಡು, ಕೆಳಗಿನ ರೂಟರ್ ನೋಡಬೇಕೆಂದು ದಡಬಡ ಎದ್ದೆ.

ತಂಗಿ ನನ್ನ ಕೈ ಹಿಡಿದಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಮುಷ್ಟಿ ಎತ್ತಿ ತೆರೆದು ಮುಚ್ಚಿ ತೋರಿಸಿದಳು. ಚಕ್ರ ತಿರುಗಿಸಿದಳು. ಆಮೇಲೆ ನನ್ನ ಗದ್ದ ಹಿಡಿದು ಮುಖವನ್ನೇ ಕಪಾಟಿನ ಮೇಲಕ್ಕೆ ತಿರುಗಿಸಿದಳು.

ಕಬ್ಬಿಣದ ಕಪಾಟಿನ ಮೇಲೆ ಹಳೆಯ ಸೂಟ್‌ಕೇಸು, ಅಸ್ತರಿನ ಬಟ್ಟೆಯ ಗಂಟು. ಅವುಗಳ ಹಿಂದಿನ ಗೋಡೆಯ ಮೇಲೆ ಹಸಿರು ಬೆಳಕು ಮಿಣುಕುತ್ತಿತ್ತು. ಅವಳು ಬಾಗಿ ಬೋರ್ಡಿನ ಸ್ವಿಚ್ಚು ಆರಿಸಿದಳು. ಬೆಳಕು ಹೋಯಿತು. ಹಚ್ಚಿದಳು, ಸ್ವಲ್ಪ ಹೊತ್ತಿಗೆ ಬಂತು. ಮತ್ತೆ ಆರಿಸಿದಳು, ಮತ್ತೆ ಹಚ್ಚಿದಳು. ಚಿಕ್ಕ ಮಕ್ಕಳಿಗೆ ಕಲಿಸುವ ಹಾಗೆ, ನನ್ನ ಮುಖವನ್ನೇ ನೋಡುತ್ತ.

ಕುರ್ಚಿ ಹಾಕಿ ಹತ್ತಿ ನೋಡಿದೆ. ಹಳೆಯ ಲೈನಿನ ರೂಟರ್ ಅಲ್ಲೇ ಇತ್ತು. ಅದರ ವಯರು ಬೋರ್ಡಿಗೆ ಹೋಗಿತ್ತು. ಇನ್ನೊಂದು ನೀಲಿ ವಯರು ಕಿಟಕಿಯ ಸಂದಿನಿಂದ ಕೆಳಗಿಳಿದು ಹೊಸ ರೂಟರಿಗೆ ಸೇರಿತ್ತು. ಆಮೇಲೆ ಕೇಳಿದರೆ ತಂಗಿಯ ಗಂಡ ಒಪ್ಪಿಕೊಂಡ. ಹೊಸ ಲೈನಿನ ವೈಫೈ ಸ್ಲ್ಯಾಬು ದಾಟಿ ಮೇಲೆ ಸರಿಯಾಗಿ ಬರುತ್ತಿರಲಿಲ್ಲ, ಪರಿಚಯದ ಒಬ್ಬನನ್ನು ಕರೆದು ಹಳೆಯದನ್ನೇ ಜೋಡಿಸಿಕೊಂಡಿದ್ದ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಇದನ್ನು ನನಗೆ ಹೇಳಬೇಕು ಎಂದು ಅವನಿಗೆ ಅನ್ನಿಸಿರಲಿಲ್ಲ, ಕೇಳಬೇಕು ಎಂದು ನನಗೂ ಹೊಳೆದಿರಲಿಲ್ಲ.

ನಾನು ಕುರ್ಚಿಯಿಂದ ಇಳಿದು ಅದರ ಮೇಲೇ ಕೂತೆ. ಎರಡು ತಿಂಗಳಿಂದ ಅವಳು ಇದನ್ನೇ ಹೇಳುತ್ತಿದ್ದಳು. ದೀಪ ಹೊತ್ತುತ್ತದೆ, ಮೆಷಿನ್ನು ಹಚ್ಚಿದಾಗ, ಮೇಲೆ. ಬೇರೆ ಯಾರೂ ನೋಡದ್ದನ್ನು ಅವಳು ಮೊದಲ ವಾರದಲ್ಲೇ ನೋಡಿದ್ದಳು. ತಿಳಿಯಿತು ಎಂದು ಪ್ರತಿ ಸಲ ನಾನೇ ತಲೆಯಾಡಿಸಿದ್ದೆ. ಕೈ ಜೋಡಿಸಿ ತಪ್ಪಾಯಿತು ಎಂದೆ. ಅವಳು ನನ್ನ ತಲೆಗೆ ಮೆಲ್ಲಗೆ ಒಂದು ಮೊಟಕಿ, ಮೊದಲು ಇದನ್ನು ಸರಿ ಮಾಡು ಎಂದು ಕೈ ತೋರಿಸಿದಳು.

ಕೊಲ್ಹಾಪುರದ ಹಿರಿಯರಿಗೆ ಫೋನು ಹಚ್ಚಿದೆ. ಒಂದು ಮತ್ತು ಸೊನ್ನೆ ಎಂದ ಕೂಡಲೇ ಅವರಿಗೆ ತಿಳಿಯಿತು.

“ಒಂದ ಮನ್ಯಾಗ ಇಬ್ರು ನಂಬರ ಹಂಚಾಕತ್ತಾರ್ರಿ,” ಎಂದರು. “ಹಳೇದು ತನ್ನ ಸೊನ್ನಿ ನಂಬರ ಕೊಡ್ತೈತಿ. ಆದ್ರ ಅದಕ್ಕ ಹೊರಗಿನ ದಾರೀನ ಇಲ್ಲ. ಯಾವ್ದು ಮೊದಲ ಕೊಡ್ತೈತೋ ಫೋನು ಅದನ್ನ ತಗೊಂಡ್ ಕುಂಡರ್ತೈತಿ.”

ಕೆಲವು ದಿನ ಸರಿ ಇದ್ದು ಕೆಲವು ದಿನ ಕೆಡುತ್ತಿದ್ದದ್ದು ಅದಕ್ಕೇ. ಕಾಲ್ ಶುರುವಾಗುವಾಗ ಅವಳು ಕೆಳಗೆ ಊಟ ಮಾಡುತ್ತಿದ್ದಳು, ಫೋನು ಕೆಳಗಿನ ರೂಟರಿನ ಜೊತೆ ಇರುತ್ತಿತ್ತು. ಮಾತಾಡುತ್ತಲೇ ಮೇಲೆ ಬಂದು ಬೋರ್ಡು ಹಚ್ಚುತ್ತಿದ್ದಳು. ಹಳೆಯದು ಎಚ್ಚರವಾದ ಮೇಲೆ ಫೋನು ಹತ್ತಿರದ್ದನ್ನು ಹಿಡಿಯುತ್ತಿತ್ತು, ಮಾತು ಹರಿಯುತ್ತಿತ್ತು.

ಲೈನಿನವನಿಗೂ ಹೇಳಿದೆ. ಹಳೆಯದನ್ನು ಕಿತ್ತು ಒಗೆಯಿರಿ ಎಂದ. ಆದರೆ ಕಿತ್ತರೆ ಮೇಲಿನ ಕೋಣೆಯಲ್ಲಿ ವೈಫೈ ಸೊರಗುತ್ತದೆ. ಅವಳ ದಿನವೆಲ್ಲ ಕಳೆಯುವುದು ಅಲ್ಲಿ. ಹಳೆಯದು ಇರಬೇಕು, ನಂಬರು ಹಂಚುವುದನ್ನು ಮಾತ್ರ ಬಿಡಬೇಕು ಎಂದು ಹಿರಿಯರು ಹೇಳಿದರು. ಅದರ ಒಳಗಿನ ಪುಟಕ್ಕೆ ಹೋಗಿ ಒಂದು ಆಯ್ಕೆ ಬಂದ್ ಮಾಡಿದರೆ ಆಯಿತು. ಆ ಪುಟದ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದರೆ ಹಿಂದಿನ ಸಣ್ಣ ತೂತಿನಲ್ಲಿ ಚೂಪಾದದ್ದೇನಾದರೂ ಒತ್ತಿ ಹಿಡಿಯಿರಿ, ಮೊದಲಿನ ಸ್ಥಿತಿಗೆ ಬರುತ್ತದೆ, ಪಾಸ್‌ವರ್ಡ್ ತಳದ ಚೀಟಿಯಲ್ಲೇ ಇರುತ್ತದೆ ಎಂದರು.

ರೂಟರನ್ನು ಕೆಳಗೆ ತಂದು ಅತ್ತೆಯ ಮಂಚದ ಮೇಲಿಟ್ಟೆವು. ತಂಗಿ ತನ್ನ ಸೂಜಿಗಳಲ್ಲಿ ದಪ್ಪದ್ದೊಂದನ್ನು ಆರಿಸಿ ತೂತಿಗೆ ಒತ್ತಿ ಹಿಡಿದಳು, ದೀಪಗಳೆಲ್ಲ ಒಟ್ಟಿಗೆ ಮಿಣುಕುವವರೆಗೆ ಕೈ ಅಲುಗಾಡಿಸಲಿಲ್ಲ. ಅವಳ ಫೋನನ್ನು ಹಳೆಯದಕ್ಕೆ ಜೋಡಿಸಿದೆವು. ನನ್ನ ಫೋನಿಗೆ ಹಿರಿಯರು ಆ ಪುಟದ ಚಿತ್ರ ಕಳಿಸಿ, ಬಂದ್ ಮಾಡಬೇಕಾದ ಜಾಗಕ್ಕೆ ಕೆಂಪು ಗೆರೆ ಎಳೆದಿದ್ದರು. ಪುಟವೆಲ್ಲ ಇಂಗ್ಲಿಷು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ತಡವರಿಸಿದೆ. ತಂಗಿ ಓದುವ ಗೋಜಿಗೇ ಹೋಗಲಿಲ್ಲ. ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು, ಕೆಂಪು ಗೆರೆಯ ಕೆಳಗಿನ ಅಕ್ಷರಗಳ ಆಕಾರವನ್ನು ತನ್ನ ಪುಟದಲ್ಲಿ ಹುಡುಕಿದಳು. ಮೂರನೆಯ ಪಟ್ಟಿಯೊಳಗೆ ಸಿಕ್ಕಿತು. ಬೆರಳು ಅದರ ಮೇಲಿಟ್ಟು ನನ್ನ ಮುಖ ನೋಡಿದಳು. ಹ್ಞೂಂ ಎಂದೆ. ಬಂದ್ ಮಾಡಿ, ಉಳಿಸುವ ಗುಂಡಿ ಒತ್ತಿದಳು. ವೈಫೈಯ ಹೆಸರು, ಪಾಸ್‌ವರ್ಡುಗಳನ್ನು ಕೆಳಗಿನದರಂತೆಯೇ ಹಾಕಿದೆವು.

ಮೇಲೆ ಒಯ್ದು ನೀಲಿ ವಯರು ಚುಚ್ಚಿ ಹಚ್ಚಿದರೆ ಫೋನಿಗೆ ನಂಬರೇ ಸಿಗಲಿಲ್ಲ. ಒಂದೂ ಇಲ್ಲ, ಸೊನ್ನೆಯೂ ಇಲ್ಲ. ಎರಡು ಸಲ ಆರಿಸಿ ಹಚ್ಚಿದೆ. ಅತ್ತೆ ಕೆಳಗಿನಿಂದ ಆಯಿತೇನು ಎಂದು ಕೇಳುತ್ತಿದ್ದರು. ಮತ್ತೆ ಹಿರಿಯರಿಗೆ ಹಚ್ಚೋಣವೆಂದು ಫೋನು ತೆಗೆದೆ, ಆಮೇಲೆ ಬೇಡ ಎನಿಸಿತು. ಶೆಡ್ಡಿನಲ್ಲಿ ಗೆರೆ ಬಿದ್ದರೆ ಯಾರನ್ನೂ ಕೇಳುವುದಿಲ್ಲ, ಕೊನೆಯ ಎಳೆಯಿಂದ ಹಿಂದಕ್ಕೆ ನೋಡುತ್ತ ಬರುತ್ತೇನೆ. ಹಾಗೇ ಮಾಡಿದೆ. ಕೊನೆಗೆ ಮಾಡಿದ್ದು ವಯರು ಚುಚ್ಚಿದ್ದು. ಹಿಂದೆ ಐದು ತೂತುಗಳಿದ್ದವು. ನಾಲ್ಕು ಹಳದಿ, ಒಂದು ನೀಲಿ. ವಯರು ನೀಲಿ ಎಂದು ನಾನು ನೀಲಿ ತೂತಿಗೇ ಚುಚ್ಚಿದ್ದೆ. ಮೊದಲು ಅದು ಯಾವುದರಲ್ಲಿತ್ತು ಎಂದು ತಂಗಿಯನ್ನು ಕೇಳಿದೆ. ಅವಳು ಅನುಮಾನಿಸದೆ ಹಳದಿ ತೂತಿನ ಮೇಲೆ ಬೆರಳಿಟ್ಟಳು. ಬದಲಿಸಿದೆ. ನಂಬರು ಬಂತು. ಮೂರನೆಯ ಜಾಗದಲ್ಲಿ ಒಂದು.

ಅವಳು ಮೆಷಿನ್ನಿಗೆ ಕೂತಳು. ನಾನು ಓಣಿಯ ತುದಿಯವರೆಗೆ ನಡೆದು, ಏರಿನ ಮೇಲೆ ನಿಂತು, ನನ್ನ ಮೊಬೈಲಿನಿಂದ ವಿಡಿಯೊ ಕಾಲ್ ಹಚ್ಚಿದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅವಳು ಹೊಲಿಯುತ್ತ ನಡುನಡುವೆ ತಲೆ ಎತ್ತಿ, ಇನ್ನೂ ಅಲ್ಲೇ ನಿಂತಿದ್ದೀಯಾ ಎಂದು ಕೇಳುತ್ತಿದ್ದಳು. ದಾರಿಯಲ್ಲಿ ಹೋಗುವವರು ನನ್ನ ಕೈಗಳನ್ನು ನೋಡುತ್ತಿದ್ದರು. ಅರ್ಧ ತಾಸು ಪೂರ್ತಿ ಮುಗಿದ ಮೇಲೆಯೇ ನಾನು ಮನೆಗೆ ಮರಳಿದೆ. ಹಳೆಯ ರೂಟರನ್ನು ಬೋರ್ಡಿನಿಂದ ತೆಗೆದು ಗೋಡೆಯ ಬೇರೆ ಪ್ಲಗ್ಗಿಗೆ ಹಾಕಿದೆವು, ಇನ್ನು ಅದು ಯಾವಾಗಲೂ ಹೊತ್ತಿಯೇ ಇರಲಿ ಎಂದು.

ಹೊರಡುವ ಮುನ್ನ ತಂಗಿ ನನ್ನ ಎದುರು ಕೂತು ಒಂದು ಮಾತು ತೆಗೆದುಕೊಂಡಳು. ತಿಳಿಯದಿದ್ದರೆ ತಲೆ ಆಡಿಸಬಾರದು. ನಾನು ಹಾಗೆ ಮಾಡುವುದು ಅವಳಿಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತಂತೆ. ಅವ್ವ ಹಾಗೆ ಮಾಡುತ್ತಿರಲಿಲ್ಲವಂತೆ. ತಿಳಿಯುವವರೆಗೆ ಕೇಳುತ್ತಿದ್ದಳಂತೆ, ಒಲೆಯ ಮೇಲಿನ ಅನ್ನ ಸೀದರೂ. ಆಗಲಿ ಎಂದು ಒಪ್ಪಿಕೊಂಡೆ.

ಆ ಮಾತನ್ನು ಈಗ ಪಾಲಿಸುತ್ತಿದ್ದೇನೆ, ಸುಲಭವೇನೂ ಅಲ್ಲ. ಮೊನ್ನೆ ಅವಳು ಒಂದು ಹೊಸ ಸನ್ನೆ ಮಾಡಿದಳು. ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ತಿಕ್ಕಿ ಮೂಗಿಗೆ ಹಿಡಿದಳು, ಆಮೇಲೆ ಅಂಗೈಯನ್ನು ಕೆಳಕ್ಕೆ ಒತ್ತಿದಳು. ಹೂವೇ ಎಂದೆ, ಅಲ್ಲ. ತಪಕೀರೇ, ನಶ್ಯವೇ ಎಂದೆ, ಅವಳು ಹಣೆ ಚಚ್ಚಿಕೊಂಡಳು. ಶೆಡ್ಡಿನಲ್ಲಿ ಊಟಕ್ಕೆ ಕೂತ ಹೆಂಗಸರೆಲ್ಲ ಫೋನಿನ ಸುತ್ತ ನೆರೆದು ಒಬ್ಬೊಬ್ಬರು ಒಂದೊಂದು ಹೇಳಿದರು. ಹತ್ತು ನಿಮಿಷದ ಮೇಲೆ ತಿಳಿಯಿತು. ಗಂಡನ ಕೈಯಲ್ಲಿ ಆಜರಾದ ಘಮಘಮಿಸುವ ಅಕ್ಕಿ ಕಳಿಸಿದ್ದಾಳೆ, ಈ ವರ್ಷದ ಹೊಸ ಅಕ್ಕಿ, ನೀರು ಕಡಿಮೆ ಹಾಕಬೇಕು. ಎಷ್ಟು ಕಡಿಮೆ ಎಂದು ಕೇಳಿದೆ. ಅಕ್ಕಿಯ ಮೇಲೆ ನೀರು ಇಷ್ಟೇ ಎಂದು ಅವಳು ತೋರುಬೆರಳಿನ ಮೊದಲ ಗೆಣ್ಣನ್ನು ಮುಟ್ಟಿ ತೋರಿಸಿದಳು.